ಜೇನುಮೇಣದಲ್ಲಿ ವಾಟರ್ ಕಲರ್ ಬರುತ್ತದಾ? ಆರು ತಿಂಗಳಿಂದ ಒದ್ದಾಡುತ್ತಿದ್ದೇನೆ

ಬೋರ್ಡ್‌ಆರ್ಟಿಸ್ಟ್_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಕೊನೆಯಲ್ಲಿದೆ, ಮೊದಲು ಸ್ವಲ್ಪ ಕಥೆ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಕಾಲೇಜಲ್ಲಿ ಕಲಿತ ಆರ್ಟಿಸ್ಟ್ ಅಲ್ಲ. 26 ವರ್ಷ ಅಂಗಡಿ ಬೋರ್ಡು, ಲಾರಿ ಹಿಂದಿನ ಸಾಲು, ಗೋಡೆ ಬರಹ ಬರೆದವನು. ಫ್ಲೆಕ್ಸ್ ಬಂದಮೇಲೆ ಬೋರ್ಡು ಬರೆಸುವವರು ಕಡಿಮೆಯಾದರು. ಈಗ ಶಾಲೆ ಗೋಡೆ, ಅಂಗನವಾಡಿ ಗೋಡೆ, ಜೊತೆಗೆ ಕಬ್ಬಿಣದ ಬಾಗಿಲಿಗೆ ತೇಗದ ಮರದ ಡಿಸೈನ್. ಈ ಬಾಗಿಲಿನ ಕೆಲಸದಲ್ಲಿ ನನಗೆ ಸ್ವಲ್ಪ ಹೆಸರಿದೆ. ಒಂದು ಮನೆಗೆ ಬಂದ ಬೀಗರು ಬಾಗಿಲು ತಟ್ಟಿ, ಟಣ್ ಅಂದಮೇಲೇ ಇದು ಕಬ್ಬಿಣ ಅಂತ ನಂಬಿದರಂತೆ. ಅಂದರೆ ಒಂದನ್ನು ಇನ್ನೊಂದರ ಥರ ಕಾಣಿಸುವುದೇ ನನ್ನ ಕಸುಬು.

ಕಳೆದ ವರ್ಷ ಮಗಳು ಫೋನಲ್ಲಿ ಎನ್‌ಕಾಸ್ಟಿಕ್ ವಿಡಿಯೋ ತೋರಿಸಿದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಜೇನುಮೇಣ ಕರಗಿಸಿ, ಡಾಮರ್ ಅನ್ನುವ ಮರದ ಅಂಟು ಸೇರಿಸಿ, ಪುಡಿ ಬಣ್ಣ ಕಲಸಿ, ಬಿಸಿ ಇರುವಾಗಲೇ ಹಲಗೆಗೆ ಹಚ್ಚಬೇಕು. ಆಮೇಲೆ ಪ್ರತಿ ಪದರಕ್ಕೂ ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿದು ಕೆಳಗಿನ ಪದರದ ಜೊತೆ ಬೆಸೆಯಬೇಕು. ಇಲ್ಲದಿದ್ದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಡಾಮರ್ ಕೇಳಿದ್ದಕ್ಕೆ ಹಾರ್ಡ್‌ವೇರ್ ಅಂಗಡಿಯವರು ರಸ್ತೆಗೆ ಹಾಕುವ ಡಾಂಬರಿನ ಡಬ್ಬಿ ತೋರಿಸಿದರು. ಕೊನೆಗೆ ಆನ್‌ಲೈನಲ್ಲಿ ತರಿಸಿದೆ.

ನನ್ನ ಪ್ಯಾಲೆಟ್ ನೋಡಿದರೆ ನೀವು ನಗುತ್ತೀರಿ. ಅಟ್ಟದ ಮೇಲಿದ್ದ ಅಮ್ಮನ ಹಳೇ ಪಡ್ಡಿನ ಹಂಚು. ಏಳು ಗುಳಿ, ಏಳು ಬಣ್ಣ. ಕರೆಂಟ್ ಒಲೆ ಮೇಲೆ ಇಟ್ಟರೆ ಎಲ್ಲವೂ ಒಟ್ಟಿಗೆ ಕರಗಿರುತ್ತವೆ. ಅದಕ್ಕೂ ಮುಂಚೆ ಇಡ್ಲಿ ತಟ್ಟೆ ಇಟ್ಟಿದ್ದೆ. ಅದರಲ್ಲಿ ಸಣ್ಣ ತೂತು ಇರುವುದು ಕೆಂಪು ಬಣ್ಣ ಒಲೆ ಸೇರಿದಮೇಲೆ ನೆನಪಾಯಿತು.

ಮಾಡಿ ನೋಡಿದ್ದು ಹೀಗಿದೆ. ಮರದ ಗೆರೆ ಬಹಳ ಚೆನ್ನಾಗಿ ಬಂತು. ಹಳದಿ ಆಕ್ಸೈಡ್ ಮೇಣ ಹಚ್ಚಿ, ಅದು ಉಗುರುಬೆಚ್ಚಗಿರುವಾಗಲೇ ಮುರಿದ ಬಾಚಣಿಗೆಯಿಂದ ಎಳೆದೆ. ಆ ಗೆರೆಯೊಳಗೆ ಕಂದು ಎಣ್ಣೆಬಣ್ಣ ಉಜ್ಜಿ, ಮೇಲಿದ್ದದ್ದನ್ನು ಅಡುಗೆ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿದೆ. ಗೆರೆಯೊಳಗಿನ ಬಣ್ಣ ಮಾತ್ರ ಉಳಿಯಿತು. ಎನಾಮಲ್‌ನಲ್ಲೂ ನನಗೆ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಮಾರ್ಬಲ್ ಸುಲಭ, ಎರಡು ಬಣ್ಣಕ್ಕೆ ಹೀಟ್ ಗನ್ ಹಿಡಿದರೆ ತಾನೇ ಸುಳಿ ಬೀಳುತ್ತದೆ. ಎಣ್ಣೆಬಣ್ಣದ ದಪ್ಪ ಹೊಡೆತವೂ ಬಂತು. ಮೇಣ ಸ್ವಲ್ಪ ಆರಿ, ಬ್ರಷ್ಷಿನಲ್ಲಿ ಗಟ್ಟಿಯಾಗುವಾಗ ಹಚ್ಚಿದರೆ ಆಯಿತು.

ವಾಟರ್ ಕಲರ್ ಮಾತ್ರ ಕೈಗೆ ಸಿಗುತ್ತಿಲ್ಲ. ಕುಂದುವಾಡ ಕೆರೆ, ಬೆಳಗಿನ ಹೊತ್ತು, ತೆಳು ನೀಲಿ ಆಕಾಶ. ಒಂಬತ್ತು ಸಲ ಮಾಡಿದೆ. ತೊಂದರೆ ಮೂರು.

ಒಂದು, ನೀಲಿ ಅಂತ ಹಾಕಿದ್ದು ಪಾಚಿ ಹಸಿರಾಗುತ್ತದೆ. ಬಟ್ಟೆಗೆ ಹಾಕುವ ನೀಲಿ ಪುಡಿ ಬಳಸಿದೆ, ಅಂಗಡಿಯ ಅಲ್ಟ್ರಾಮರೀನ್ ಪುಡಿಯನ್ನೂ ಬಳಸಿದೆ. ಎರಡೂ ಅಷ್ಟೇ. ಎರಡು, ವಾಟರ್ ಕಲರಿನಲ್ಲಿ ಬಣ್ಣ ಹರಿದು, ಒಣಗಿದಮೇಲೆ ಅಂಚಿನಲ್ಲಿ ಕಪ್ಪಗೆ ಒಂದು ಗೆರೆ ನಿಲ್ಲುತ್ತದಲ್ಲ, ಅದು ಬರುವುದೇ ಇಲ್ಲ. ಬ್ರಷ್ ಇಟ್ಟ ಕಡೆ ಮೇಣ ಗಟ್ಟಿ. ಮೂರು, ಹತ್ತು ದಿನ ಬಿಟ್ಟು ನೋಡಿದರೆ ಇಡೀ ಚಿತ್ರದ ಮೇಲೆ ಬೂದಿ ಹಾರಿದ ಹಾಗೆ ಬಿಳಿ ಪೊರೆ. ಬೂಸ್ಟಾ?

ಗೊತ್ತಿದ್ದವರು ಹೇಳಿ. ಹಲಗೆ 12 ಎಂಎಂ ಪ್ಲೈವುಡ್, ಏನೂ ಪ್ರೈಮರ್ ಹಚ್ಚಿಲ್ಲ.

ಮೇಣಮೇಡಂ

ಅಣ್ಣ, ಪಡ್ಡಿನ ಹಂಚಿಗೆ ಮೊದಲು ಒಂದು ನಮಸ್ಕಾರ. ನಾನು ಎಂಟು ವರ್ಷದಿಂದ ಬೆಂಗಳೂರಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಸಣ್ಣ ಸಣ್ಣ ಸ್ಟೀಲ್ ಬಟ್ಟಲು ಕೊಂಡು ದುಡ್ಡು ಹಾಳು ಮಾಡಿದೆ, ಇದು ಹೊಳೆಯಲೇ ಇಲ್ಲ. ಆದರೆ ಅದರಲ್ಲಿ ಇನ್ನು ಯಾವತ್ತೂ ಪಡ್ಡು ಮಾಡಬೇಡಿ. ತೊಳೆದರೂ ಬೇಡ.

ಮೂರನೇದ್ದು ಸುಲಭ, ಅದಕ್ಕೇ ಮೊದಲು ಹೇಳುತ್ತೇನೆ. ಬೂಸ್ಟು ಅಲ್ಲ. ಜೇನುಮೇಣದ್ದೇ ಒಂದು ಅಂಶ ಮೇಲೆ ಬಂದು ಪುಡಿಯ ಹಾಗೆ ಕೂರುತ್ತದೆ. ಚಳಿಗೆ ಜಾಸ್ತಿ. ಹಳೇ ಪಂಚೆಯ ತುಂಡಿನಿಂದ ಮೆಲ್ಲಗೆ ಉಜ್ಜಿ, ಹೋಗುತ್ತದೆ, ಹೊಳಪೂ ಬರುತ್ತದೆ. ಮೊದಲ ಕೆಲವು ತಿಂಗಳು ಮತ್ತೆ ಮತ್ತೆ ಬರಬಹುದು. ಸಿಟ್ಟು ಮಾಡಿಕೊಳ್ಳದೆ ಮತ್ತೆ ಉಜ್ಜಿ.

ನೀಲಿ ಹಸಿರಾಗುವುದಕ್ಕೆ ಪುಡಿ ಕಾರಣ ಅಲ್ಲ, ಮೇಣ ಕಾರಣ. ನಿಮ್ಮದು ಹಳದಿ ಮೇಣ ಅಲ್ವಾ? ಹಳದಿಗೆ ನೀಲಿ ಸೇರಿದರೆ ಏನಾಗುತ್ತದೆ ಅಂತ ಬೋರ್ಡ್ ಬರೆದವರಿಗೆ ನಾನು ಹೇಳಬೇಕಾ! ಬಣ್ಣ ದಪ್ಪಗಿದ್ದಾಗ ಪುಡಿಯೇ ಗೆಲ್ಲುತ್ತದೆ, ಗೊತ್ತಾಗುವುದಿಲ್ಲ. ವಾಟರ್ ಕಲರಿನ ಹಾಗೆ ತೆಳುವಾಗಿಸಲು ನೀವು ಪುಡಿ ಕಡಿಮೆ ಮಾಡಿ ಮೇಣ ಜಾಸ್ತಿ ಮಾಡುತ್ತೀರಿ. ಆಗ ಮೇಣದ ಹಳದಿಯೇ ಎದ್ದು ಕಾಣುತ್ತದೆ. ನಿಮ್ಮ ಮರದ ಗೆರೆ ಚೆನ್ನಾಗಿ ಬಂದದ್ದಕ್ಕೂ ಅದೇ ಹಳದಿ ಕಾರಣ ಇರಬಹುದು, ತೇಗಕ್ಕೆ ಒಳ್ಳೇದೇ ಆಯಿತು.

ಬಿಳಿ ಮಾಡಿದ ಜೇನುಮೇಣ ಸಿಗುತ್ತದೆ, ಕಾಸ್ಮೆಟಿಕ್ಸ್ ಮಾಡುವವರಿಗೆ ಮಾರುತ್ತಾರೆ. ಒಂದು ಎಚ್ಚರ. ನಾನು ಒಂದು ಕಡೆ ಶುದ್ಧ ಬಿಳಿ ಜೇನುಮೇಣ ಅಂತ ಎರಡು ಕಿಲೋ ತಂದೆ. ಅದರಲ್ಲಿ ಪ್ಯಾರಾಫಿನ್, ಅಂದರೆ ಮೇಣದಬತ್ತಿಯ ಮೇಣ, ಬೆರೆಸಿದ್ದರು. ಚಿತ್ರ ಗೋಡೆಯಿಂದ ಬಿದ್ದದ್ದು ಒಂದೇ ಸಲ, ಒಣಗಿದ ಕೆರೆಯ ಹಾಗೆ ಬಿರುಕು ಬಿಟ್ಟಿತು. ಮೇಣ ಹಚ್ಚಿ ಬಣ್ಣದಲ್ಲಿ ಅದ್ದುವ ಬಾಟಿಕ್ ಬಟ್ಟೆಯಲ್ಲಿ ಬಿರುಕು ಬರಲಿ ಅಂತಲೇ ಪ್ಯಾರಾಫಿನ್ ಹಾಕುತ್ತಾರೆ, ನಮಗೆ ಅದು ಬೇಡ. ಒಂದು ಚೂರು ತಗೊಂಡು ಕೈಯಲ್ಲಿ ನಾದಿ ನೋಡಿ. ಜೇನುಮೇಣ ಮೆತ್ತಗಾಗಿ ಜಿಗುಟಾಗುತ್ತದೆ, ಪ್ಯಾರಾಫಿನ್ ಚೂರು ಚೂರಾಗುತ್ತದೆ.

ಮನೆಯಲ್ಲೇ ಬಿಳಿ ಮಾಡಬೇಕಾದರೆ ತುರಿಮಣೆಯಲ್ಲಿ ತುರಿದು ಬಿಸಿಲಿಗೆ ಹರಡಿ, ಆಗಾಗ ನೀರು ಚಿಮುಕಿಸಿ ಮಗುಚಿ ಹಾಕಿ. ಸ್ಟೀಲ್ ತಟ್ಟೆಯಲ್ಲಿ ಬೇಡ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ. ನಿಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಕಾದ ತಟ್ಟೆ ಅದಕ್ಕೆ ಸಾಕು, ಸಂಜೆ ಬಂದು ನೋಡಿದರೆ ಒಂದೇ ಮುದ್ದೆ. ಒದ್ದೆ ಬಟ್ಟೆ ಮೇಲೆ ಹರಡಿ. ಕರಗಿಸುವ ಮುಂಚೆ ಪೂರ್ತಿ ಒಣಗಿರಬೇಕು. ಬಿಸಿ ಮೇಣಕ್ಕೆ ಒಂದು ಹನಿ ನೀರು ಬಿದ್ದರೂ ಒಗ್ಗರಣೆ ಸಿಡಿದ ಹಾಗೆ ಸಿಡಿಯುತ್ತದೆ.

ಎರಡನೇ ಪ್ರಶ್ನೆಗೆ ರಾತ್ರಿ ಬರೆಯುತ್ತೇನೆ. ಅಷ್ಟರಲ್ಲಿ ಹೇಳಿ, ಶಾಖ ಎಷ್ಟು ಇಡುತ್ತೀರಿ?

ಬೋರ್ಡ್‌ಆರ್ಟಿಸ್ಟ್_ದಾವಣಗೆರೆ

ಮೇಡಂ, ತುಂಬಾ ಥ್ಯಾಂಕ್ಸ್. ಹೌದು, ಹಳದಿ ಮೇಣವೇ. ಪಂಚೆ ತುಂಡಿನಿಂದ ಈಗಷ್ಟೇ ಉಜ್ಜಿದೆ, ಕೆರೆ ಕಂಡಿತು!

ಶಾಖ ಅಳೆಯಲು ಕೊರೋನಾ ಟೈಮಿನ ಹಣೆಗೆ ಹಿಡಿಯುವ ಥರ್ಮಾಮೀಟರ್ ಹಂಚಿಗೆ ಹಿಡಿದೆ. ಅಂಕಿಯೇ ಬರಲಿಲ್ಲ. ಅದು ಮನುಷ್ಯರ ಜ್ವರಕ್ಕೆ ಮಾತ್ರ ಅಂತ ಮಗಳು ನಕ್ಕಳು. ಈಗ ಅಂದಾಜು. ಹೊಗೆ ಬಂದರೆ ಒಲೆ ಆರಿಸುತ್ತೇನೆ.

ಸುಮ್ನೆಓದುಗ

ನಡುವೆ ಬಾಯಿ ಹಾಕುತ್ತಿದ್ದೇನೆ, ತಪ್ಪು ತಿಳಿಯಬೇಡಿ. ವಾಟರ್ ಕಲರ್ ಬೇಕಾದರೆ ವಾಟರ್ ಕಲರ್ ಟ್ಯೂಬ್ ತಗೊಂಡರೆ ಆಯಿತಲ್ಲ? ಒಂದು ಪೇಪರ್, ಒಂದು ಲೋಟ ನೀರು. ಮೇಣ ತುರಿದು, ಬಿಸಿಲಿಗೆ ಹಾಕಿ, ಕಾಯಿಸಿ ಅದೇ ಚಿತ್ರ ಮಾಡುವುದು ಮೊಸರಿನಿಂದ ಕಾಫಿ ಮಾಡಿದ ಹಾಗೆ. ಮೇಣಕ್ಕೆ ಮೇಣದ್ದೇ ಒಂದು ಚಂದ ಇರುತ್ತದೆ, ಅದನ್ನು ಮಾಡಿ.

ಬೋರ್ಡ್‌ಆರ್ಟಿಸ್ಟ್_ದಾವಣಗೆರೆ

ಸರ್, ನಿಮ್ಮ ಮಾತು ಸರಿಯೇ. ಆದರೆ ಮೇಣದ್ದೇ ಚಂದ ಯಾವುದು ಅಂತ ನನಗೆ ಹೇಗೆ ಗೊತ್ತಾಗಬೇಕು? ಎನಾಮಲ್ ಏನು ಅಂತ ನಾನು ಕಲಿತದ್ದು ಅದರಿಂದ ತೇಗ ಮಾಡಲು ಹೋಗಿ. ಬೇಗ ಒಣಗುವುದಿಲ್ಲ, ಇಳಿಯುತ್ತದೆ, ಹೊಳೆಯುತ್ತದೆ, ಇದೆಲ್ಲ ಆಗ ತಿಳಿಯಿತು. ಅದು ಏನು ಮಾಡಲ್ಲ ಅಂತ ನೋಡಿದಾಗಲೇ ಅದರ ಗುಣ ಗೊತ್ತಾಗುವುದು. ಮರದ ಗೆರೆ ಒಂದೇ ಮಾಡುತ್ತಿದ್ದರೆ ನನ್ನ ಮೇಣ ಹಳದಿ ಅನ್ನುವುದೂ ನನಗೆ ತಿಳಿಯುತ್ತಿರಲಿಲ್ಲ.

ಮತ್ತೆ ಮೊಸರಿನ ಕಾಫಿ ಯಾರೂ ಕುಡಿದು ನೋಡಿಲ್ಲ ಅಲ್ವಾ.

ಮೇಣಮೇಡಂ

ಅಣ್ಣ, ಹೊಗೆ ಬರುವ ತನಕ ಕಾಯಬೇಡಿ. ಹೊಗೆ ಬಂತು ಅಂದರೆ ಮೇಣ ಸುಡುತ್ತಿದೆ, ಆ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. 80ರಿಂದ 90 ಡಿಗ್ರಿ ಒಳಗೆ ಇರಲಿ. ಕೈಗಾರಿಕೆಗೆ ಬಳಸುವ ಗನ್ ಥರ್ಮಾಮೀಟರ್ ಬೇರೆ ಇದೆ, ಅದು ತಗೊಳ್ಳಿ. ಹೊಳೆಯುವ ಸ್ಟೀಲಿಗೆ ಹಿಡಿದರೆ ಸುಳ್ಳು ಹೇಳುತ್ತದೆ. ನಿಮ್ಮ ಕಪ್ಪು ಹಂಚಿಗೆ ಸರಿಯಾಗಿ ತೋರಿಸುತ್ತದೆ. ಕಿಟಕಿ ತೆಗೆದಿರಿ, ಮೇಜಿನ ಎತ್ತರಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಇಡಿ. ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿ. ಹಳದಿಯ ಹರಿತಾಳ, ಕೆಂಪಿನ ಹಿಂಗುಳ, ಸೀಸದ ಬಿಳಿ ಈ ಮೂರು ಬಣ್ಣದ ಪುಡಿಯೂ ವಿಷ, ಬಿಸಿ ಮಾಡಲೇಬೇಡಿ. ರಂಗೋಲಿ ಪುಡಿ ಕೂಡ ಬೇಡ. ಅದು ವಿಷ ಅಂತಲ್ಲ, ಕಲ್ಲಿನ ಪುಡಿ ಗುಳಿಯ ತಳಕ್ಕೆ ಹೋಗಿ ಕೂರುತ್ತದೆ.

ಈಗ ಅಂಚಿನ ಗೆರೆ. ಇದಕ್ಕೆ ನಾನೂ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೆ. ಮೇಜಿನ ಮೇಲೆ ಕಾಫಿ ಚೆಲ್ಲಿ ಒಣಗಿದರೆ ಏನಾಗುತ್ತದೆ? ನಡುವೆ ತೆಳು, ಸುತ್ತ ಕಪ್ಪು ಉಂಗುರ. ಅಂಚಿನಲ್ಲಿ ನೀರು ಬೇಗ ಆರುತ್ತದೆ. ಆರಿದ ಜಾಗ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಬಣ್ಣವನ್ನೂ ಹೊತ್ತುಕೊಂಡು ಹೋಗಿ ಅಲ್ಲಿ ಬಿಟ್ಟು ತಾನು ಹಾರಿಹೋಗುತ್ತದೆ. ವಾಟರ್ ಕಲರಿನ ಗೆರೆ ಅಂದರೆ ಅದೇ. ಮೇಣ ಎಲ್ಲಿಗೂ ಹಾರಿಹೋಗುವುದಿಲ್ಲ. ಹಚ್ಚಿದಷ್ಟೂ ಅಲ್ಲೇ ಇರುತ್ತದೆ. ಹಾಗಾಗಿ ಆ ಗೆರೆ ತಾನಾಗಿ ಬರುವುದು ಸಾಧ್ಯವೇ ಇಲ್ಲ. ನಿಮ್ಮ ಕೈ ತಪ್ಪಲ್ಲ.

ಆದರೆ ಹರಡುವುದನ್ನು ತರಬಹುದು. ಪ್ಲೈವುಡ್ ಬಿಡಿ. ದೋಸೆ ತವಾ ಇದೆಯಾ, ಚಪ್ಪಟೆಯದ್ದು? ಅದರ ಮೇಲೆ ಒಂದು ಅಲ್ಯೂಮಿನಿಯಂ ತಗಡು ಇಟ್ಟು 70-75 ಡಿಗ್ರಿಗೆ ಕಾಯಿಸಿ. ಬಣ್ಣದ ಮೇಣವನ್ನು ಮೊದಲೇ ಅಚ್ಚು ಹಾಕಿ ಕಡ್ಡಿ ಮಾಡಿಟ್ಟುಕೊಂಡು, ಆ ಬಿಸಿ ತಗಡಿನ ಮೇಲೆ ಸೀಮೆಸುಣ್ಣದ ಹಾಗೆ ಎಳೆಯಿರಿ. ಮುಟ್ಟಿದ ಕೂಡಲೇ ಕರಗುತ್ತದೆ. ಚಿತ್ರ ಆದಮೇಲೆ ತೆಳ್ಳಗಿನ, ಹೀರುವ ಕಾಗದ ಅದರ ಮೇಲೆ ಹಾಸಿ, ಬಟ್ಟೆ ಉಂಡೆಯಿಂದ ಮೆಲ್ಲಗೆ ಒತ್ತಿ, ಒಂದು ಮೂಲೆ ಹಿಡಿದು ಎತ್ತಿ. ಬಿಸಿ ಇರುವ ತನಕ ಕಾಗದ ಮೇಣವನ್ನು ಕುಡಿಯುತ್ತಾ ಹೋಗುತ್ತದೆ, ಬಣ್ಣ ಒಂದರೊಳಗೊಂದು ಹರಡುತ್ತದೆ. ಅಕ್ಷರ ಬರೆದರೆ ಉಲ್ಟಾ ಬರುತ್ತದೆ, ಅದು ನಿಮಗೆ ಹೇಳಬೇಕಾಗಿಲ್ಲ.

ಅಂಚಿನ ಗೆರೆ ಬೇಕೇ ಬೇಕು ಅಂದರೆ ಕೈಯಿಂದಲೇ ಬರೆಯಬೇಕು. ಕೈಯಿಂದ ಗೆರೆ ಎಳೆಯುವುದರಲ್ಲಿ ನೀವೇ ನಮಗೆ ಗುರುಗಳು.

ಥೇಮ್ಸ್‌ದಂಡೆಯ_ಕನ್ನಡಿಗ

ಅಣ್ಣಾವ್ರೇ, ನಾನು ಬ್ರಷ್ ಹಿಡಿದವನಲ್ಲ, ನೋಡುವವನು ಮಾತ್ರ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಈಜಿಪ್ಟಿನ ಫಯೂಮ್ ಕಡೆಯ ಮುಖಚಿತ್ರಗಳಿವೆ. ಸತ್ತವರ ಮಮ್ಮಿಗೆ ಮುಖದ ಜಾಗದಲ್ಲಿ ಕಟ್ಟುತ್ತಿದ್ದ ಹಲಗೆಗಳು. ಒಂದರಿಂದ ಮೂರನೇ ಶತಮಾನದವು, ಈಜಿಪ್ಟ್ ರೋಮನ್ನರ ಕೈಯಲ್ಲಿದ್ದ ಕಾಲ. 1888ರಲ್ಲಿ ಫ್ಲಿಂಡರ್ಸ್ ಪೆಟ್ರಿ ಹವಾರಾ ಅನ್ನುವ ಜಾಗದಲ್ಲಿ ಅಗೆದಾಗ ಇಂಥವು ಬಹಳ ಸಿಕ್ಕಿದವು. ಎಷ್ಟೋ ಹಲಗೆಗಳು ಇದೇ ಬಿಸಿ ಮೇಣದ ಕೆಲಸ.

ಮೊದಲ ಸಲ ನೋಡಿದಾಗ ನಾನು ಎಣ್ಣೆಬಣ್ಣ ಅಂದುಕೊಂಡೆ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಕೆನ್ನೆಯ ಮೇಲೆ ಬ್ರಷ್ಷಿನ ದಿಬ್ಬ ಹಾಗೇ ನಿಂತಿದೆ, ಬೆಣ್ಣೆ ಮೇಲೆ ಚಾಕು ಎಳೆದ ಹಾಗೆ. ಯೂರೋಪಿನಲ್ಲಿ ಎಣ್ಣೆಬಣ್ಣ ಜೋರಾದದ್ದು 15ನೇ ಶತಮಾನದಲ್ಲಿ. ಅದಕ್ಕೂ ಸಾವಿರ ವರ್ಷ ಮುಂಚಿನದು ಇದು. ಮೇಣದಲ್ಲಿ ಎಣ್ಣೆಬಣ್ಣದ ಹೊಡೆತ ಬಂತು ಅಂತ ನೀವು ಬರೆದಿದ್ದೀರಿ. ಯಾರು ಯಾರ ನಕಲು ಅಂತ ನನಗೆ ಅನುಮಾನ ಬಂತು ನೋಡಿ.

ಇನ್ನೊಂದು ವಿಷಯ, ನೀವು ಎನಾಮಲ್ ಕೈಯವರು ಅನ್ನುವುದಕ್ಕೆ ನೆನಪಾಯಿತು. ಅಮೆರಿಕದ ಜಾಸ್ಪರ್ ಜಾನ್ಸ್ 1954ರಲ್ಲಿ ತನ್ನ ಬಾವುಟದ ಚಿತ್ರವನ್ನು ಶುರು ಮಾಡಿದ್ದು ಮನೆಗೆ ಹಚ್ಚುವ ಎನಾಮಲ್‌ನಲ್ಲಿ. ಒಂದು ಹೊಡೆತ ಒಣಗುವ ತನಕ ಇನ್ನೊಂದು ಹಾಕುವ ಹಾಗಿಲ್ಲ ಅಂತ ಬೇಸತ್ತು ಬಿಸಿ ಮೇಣಕ್ಕೆ ಬಂದ. ನೀವು ಬೈಯುತ್ತಿರುವ ಗುಣ, ಇಟ್ಟ ಕಡೆ ಗಟ್ಟಿಯಾಗುವುದು, ಅದಕ್ಕಾಗಿಯೇ ಬಂದದ್ದು.

ಮೇಣ ಬಿಸಿಲಿಗೆ ಹಾಕುವ ಮಾತು ಬಂತಲ್ಲ, ಒಂದನೇ ಶತಮಾನದ ರೋಮಿನ ಪ್ಲಿನಿ ಅದನ್ನೇ ಬರೆದಿದ್ದಾನೆ. ಸಮುದ್ರದ ನೀರಲ್ಲಿ ಕುದಿಸಿ, ಬಯಲಲ್ಲಿ ಬಿಳಿ ಮಾಡುವುದು. ತುರಿಮಣೆ ಮಾತ್ರ ಮೇಡಂ ಅವರದ್ದು.

ಅರಗುಪಾಲಿಶ್

ನಾನು ರಾಮನಗರದ ಕಡೆಯವನು, ಫರ್ನಿಚರ್ ಪಾಲಿಶ್ ಕೆಲಸ. ಮೇಣದ ಚಿತ್ರ ಗೊತ್ತಿಲ್ಲ, ಅರಗು ಗೊತ್ತು. ನಮ್ಮ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಒಲೆ ಇಲ್ಲ ಬ್ರಷ್ಷಿಲ್ಲ. ಮೇಡಂ ಹೇಳಿದ ಬಿಸಿ ತಗಡಿನ ಕಡ್ಡಿ ಓದಿ ಅದೇ ನೆನಪಾಯಿತು.

ನಾನು ಹೇಳಬೇಕಾದದ್ದು ಬೇರೆ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಮೇಣದ ಮೇಲೆ ತೆಳುವಾಗಿ ಹಚ್ಚಿ, ಒಣಗಿದಮೇಲೆ ಬೆಂಕಿ ತೋರಿಸಿದರೆ ಜೇಡರ ಬಲೆಯ ಹಾಗೆ ಒಡೆಯುತ್ತದೆ. ಕೆಳಗಿನ ಮೇಣ ಕರಗಿ ಓಡುತ್ತದೆ, ಅರಗು ಅದರ ಜೊತೆ ಬೆರೆಯುವುದಿಲ್ಲ. ಅರಗಿಗೆ ಸ್ವಲ್ಪ ಬಣ್ಣದ ಪುಡಿ ಸೇರಿಸಿ ನೋಡಿ, ಪ್ರತಿ ತೂತಿನ ಸುತ್ತ ದಟ್ಟ ಅಂಚು ನಿಲ್ಲುತ್ತದೆ. ನಿಮಗೆ ಬೇಕಾದ ಗೆರೆ ಅದೇನಾ ಗೊತ್ತಿಲ್ಲ. ಸ್ಪಿರಿಟ್ ಪೂರ್ತಿ ಆರುವ ಮುಂಚೆ ಬೆಂಕಿ ಹತ್ತಿರ ತರಬೇಡಿ. ನನ್ನ ಬಲಗೈ ಹುಬ್ಬು ಒಂದು ಸಲ ಹೋಗಿ ಬಂದಿದೆ.

ಮೇಣಮೇಡಂ

ಅರಗುಪಾಲಿಶ್ ಅವರೇ, ಬಲಗೈ ಹುಬ್ಬು ಅಂದರೆ ಯಾವುದು? 😄

ಅರಗುಪಾಲಿಶ್

ಬಲಗಡೆ ಹುಬ್ಬು ಮೇಡಂ. ಅವಸರದಲ್ಲಿ ಬರೆದೆ. ಕೈ ಮೇಲಿನ ಕೂದಲೂ ಹೋಗಿತ್ತು, ಎರಡೂ ಸೇರಿಕೊಂಡಿತು.

ಬೋರ್ಡ್‌ಆರ್ಟಿಸ್ಟ್_ದಾವಣಗೆರೆ

ಮೂರು ವಾರ ಆಯಿತು. ಎಲ್ಲರಿಗೂ ಲೆಕ್ಕ ಒಪ್ಪಿಸುತ್ತೇನೆ.

ಮೇಣ ಮಹಡಿ ಮೇಲೆ ಒದ್ದೆ ಪಂಚೆಯಲ್ಲಿ ಹನ್ನೆರಡು ದಿನ ಇಟ್ಟೆ. ಪೂರ್ತಿ ಬಿಳಿ ಆಗಲಿಲ್ಲ, ಕೆನೆ ಬಣ್ಣಕ್ಕೆ ಬಂತು. ಕಾಗೆಗಳು ಕೊಬ್ಬರಿ ತುರಿ ಅಂತ ಎರಡು ದಿನ ಕೊಕ್ಕಿಟ್ಟು ನೋಡಿ ಬಿಟ್ಟವು. ಇಷ್ಟಕ್ಕೇ ನೀಲಿ ನೀಲಿಯಾಗಿ ನಿಂತಿತು. ಪಾಚಿ ಹೋಯಿತು.

ಬಿಸಿ ತಗಡಿನ ಕೆಲಸಕ್ಕೆ ಹಳೇ ಬೋರ್ಡಿನ ಅಲ್ಯೂಮಿನಿಯಂ ಶೀಟ್ ಕತ್ತರಿಸಿದೆ. ಹಿಂದೆ ಯಾವುದೋ ಕಿರಾಣಿ ಅಂಗಡಿ ಹೆಸರಿನ ಅರ್ಧ ಇನ್ನೂ ಇದೆ, ನನ್ನದೇ ಅಕ್ಷರ. ಮೊದಲ ನಾಲ್ಕು ಕಾಗದ ಹಾಳು. ಶಾಖ ಜಾಸ್ತಿಯಾಗಿ ಆಕಾಶ ಹೋಗಿ ಕೆರೆಯಲ್ಲಿ ಕೂತಿತು. 70ಕ್ಕೆ ಇಳಿಸಿದಮೇಲೆ ಹಿಡಿತ ಬಂತು. ಐದನೇದ್ದನ್ನು ಎತ್ತುವಾಗ ಮೂಲೆ ಹಿಡಿದ ಬೆರಳಿನ ಕೆಳಗೇ ಬಣ್ಣ ಇನ್ನೂ ಹರಿಯುತ್ತಿದ್ದದ್ದು ಕಂಡಿತು. ಕಾಗದ ಗಾಳಿಗೆ ಬಂದ ಕೂಡಲೇ ಟಪ್ ಅಂತ ನಿಂತುಬಿಟ್ಟಿತು, ಯಾರೋ ನಿಲ್ಲು ಅಂದ ಹಾಗೆ. ವಾಟರ್ ಕಲರಿನಲ್ಲಿ ಒಣಗುವ ತನಕ ಏನಾಗುತ್ತದೋ ಅಂತ ಕಾಯಬೇಕು. ಇಲ್ಲಿ ಬೇಕಾದ ಕಡೆ ಎತ್ತಿಬಿಡಬಹುದು.

ಅರಗು ಸುಟ್ಟು ನೋಡಿದೆ. ಬಲೆ ಬಂತು, ಆದರೆ ಆಕಾಶಕ್ಕೆ ಹೊಂದಲಿಲ್ಲ, ಮೊಸಳೆ ಚರ್ಮದ ಹಾಗಾಯಿತು. ಅದನ್ನು ಬೇರೆ ಹಲಗೆಗೆ ಎತ್ತಿಟ್ಟಿದ್ದೇನೆ, ಹಳೇ ಗೋಡೆಯ ಸುಣ್ಣ ಬಿರುಕು ಬಿಟ್ಟದ್ದನ್ನು ಮಾಡಲು.

ಅಂಚಿನ ಗೆರೆ ಕೈಯಿಂದಲೇ ಎಳೆದೆ. ಮೋಡದ ಅಂಚಿಗೆ ಸೂಜಿಯಿಂದ ಗೀರಿ, ನೀಲಿ ಎಣ್ಣೆಬಣ್ಣ ಉಜ್ಜಿ, ಒಂದು ಬದಿ ಮಾತ್ರ ಒರೆಸಿದೆ. ಒಳಗೆ ದಟ್ಟ, ಹೊರಗೆ ಖಾಲಿ. ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಬೋರ್ಡ್ ಬರೆದ ಹಾಗೆ ಕಾಣುತ್ತದೆ ಅಂತ ಗೊತ್ತಿತ್ತು. ಅಲ್ಲಲ್ಲಿ ಬೇಕಂತಲೇ ಕೈ ನಡುಗಿಸಿದೆ. 26 ವರ್ಷ ಕೈ ನಡುಗದಿರಲಿ ಅಂತ ಉಸಿರು ಹಿಡಿದವನು ನಾನು.

ಚಿತ್ರವನ್ನು ನಮ್ಮ ಓಣಿಯ ಡ್ರಾಯಿಂಗ್ ಮೇಷ್ಟ್ರಿಗೆ ತೋರಿಸಿದೆ. ಏನೂ ಹೇಳಲಿಲ್ಲ ನಾನು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ವಾಟರ್ ಕಲರ್ ವಾಷ್ ಚೆನ್ನಾಗಿ ಬಂದಿದೆ ಕಣಯ್ಯಾ, ಪೇಪರ್ ಯಾವುದು ಅಂದರು. ನಾನು ನಕ್ಕದ್ದು ನೋಡಿ ಅನುಮಾನ ಬಂತು. ತೋರುಬೆರಳಿಗೆ ಉಗುಳು ಹಚ್ಚಿಕೊಂಡು ಆಕಾಶದ ಮೂಲೆಯಲ್ಲಿ ಉಜ್ಜಿದರು. ಬೆರಳು ನೋಡಿದರು. ನೀಲಿ ಇರಲಿಲ್ಲ. ಮತ್ತೆ ಉಜ್ಜಿದರು. ಆ ಜಾಗ ಹೊಳೆಯತೊಡಗಿತು.